ಒಂದು ಕೊಲೆಗೆ ಇಷ್ಟೊಂದು ದೇಶಗಳು ಯಾಕೆ ಯುದ್ಧಕ್ಕಿಳಿದವು?



‘ಮೊದಲನೇ ಮಹಾಯುದ್ಧದ ತಕ್ಷಣದ ಕಾರಣವೇನು?’ ಎಂಬ ಪ್ರಶ್ನೆಗೆ ನಮಗೆಲ್ಲ ಉತ್ತರ ಬಾಯಿಪಾಠವಾಗಿದೆ. ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನೆಂಡನ ಕೊಲೆ. ಬರೆದರೆ ಅಂಕ ಸಿಗುತ್ತದೆ. ಆದರೆ ನನಗೆ ಒಂದು ಅನುಮಾನ ಉಳಿದುಬಿಟ್ಟಿತ್ತು. ಸತ್ತವನು ಆಸ್ಟ್ರಿಯಾದವನು. ಆಸ್ಟ್ರಿಯಾಕ್ಕೆ ಸಿಟ್ಟು ಬಂದಿದ್ದು ಸರ್ಬಿಯಾದ ಮೇಲೆ. ಹಾಗಾದರೆ ಜರ್ಮನಿಯ ಸೈನ್ಯ ಬೆಲ್ಜಿಯಂ ದೇಶದೊಳಕ್ಕೆ ನುಗ್ಗಿದ್ದು ಯಾಕೆ? ಬೆಲ್ಜಿಯಂನವರು ಯಾರಿಗೆ ಏನು ಮಾಡಿದ್ದರು? ಇದನ್ನು ಕೇಳಿದಾಗ ನಮ್ಮ ಮೇಷ್ಟ್ರು, ‘ನೀನೇ ಓದಿ ಗೋಡೆ ಪತ್ರಿಕೆಗೆ ಬರಿ’ ಎಂದರು. ಅದಕ್ಕೇ ಈ ಲೇಖನ.

ಮೊದಲು ಕೊಲೆಯ ವಿಷಯ. 1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊ ಪಟ್ಟಣಕ್ಕೆ ಯುವರಾಜನೂ ಅವನ ಹೆಂಡತಿ ಸೋಫಿಯೂ ಬಂದಿದ್ದರು. ಬೆಳಿಗ್ಗೆ ಒಬ್ಬ ಬಾಂಬು ಎಸೆದ. ಅದು ಗುರಿ ತಪ್ಪಿತು. ಆಮೇಲೆ ಕಾರಿನ ಡ್ರೈವರು ತಪ್ಪು ರಸ್ತೆಗೆ ತಿರುಗಿಸಿಬಿಟ್ಟ. ಕಾರು ನಿಂತ ಜಾಗದಲ್ಲೇ ಗಾವ್ರಿಲೋ ಪ್ರಿನ್ಸಿಪ್ ಎಂಬ 19 ವರ್ಷದ ಹುಡುಗ ಪಿಸ್ತೂಲು ಇಟ್ಟುಕೊಂಡು ನಿಂತಿದ್ದ. ಇಬ್ಬರೂ ಸತ್ತರು. ಡ್ರೈವರು ದಾರಿ ತಪ್ಪದಿದ್ದರೆ ಯುದ್ಧವೇ ಆಗುತ್ತಿರಲಿಲ್ಲ ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾಕೆಂದರೆ ಜಗಳಕ್ಕೆ ಯಾರ ಹಿಂದೆ ಯಾರು ಬರಬೇಕು ಅನ್ನೋದು ಎಷ್ಟೋ ವರ್ಷ ಮೊದಲೇ ಗೊತ್ತಾಗಿಹೋಗಿತ್ತು.

ಹೊಲದ ಬದುವಿನ ಜಗಳ ನೀವೆಲ್ಲ ನೋಡಿರುತ್ತೀರಿ. ಮೊದಲು ಇಬ್ಬರೇ ಇರ್ತಾರೆ. ಆಮೇಲೆ ಒಬ್ಬನ ಭಾವಮೈದ ಬರ್ತಾನೆ. ಅವನನ್ನು ನೋಡಿ ಇನ್ನೊಬ್ಬನ ಕಡೆಯ ಬೀಗರು ಬರ್ತಾರೆ. ಸಾಯಂಕಾಲದ ಹೊತ್ತಿಗೆ ಆ ಬದು ಎಲ್ಲಿದೆ ಅಂತಲೇ ಗೊತ್ತಿಲ್ಲದವರು ದೊಣ್ಣೆ ಹಿಡಿದು ನಿಂತಿರ್ತಾರೆ. ಯುರೋಪಿನಲ್ಲಿ ಆದದ್ದೂ ಹೆಚ್ಚು ಕಡಿಮೆ ಇದೇ. ಅಲ್ಲಿ ನೆಂಟಸ್ತಿಕೆಯ ಬದಲು ಸಹಿ ಹಾಕಿದ ಒಪ್ಪಂದಗಳಿದ್ದವು. (ನೆಂಟಸ್ತಿಕೆಯೂ ಇತ್ತು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಮತ್ತು ಜರ್ಮನಿಯ ದೊರೆ ಎರಡನೇ ವಿಲ್‌ಹೆಲ್ಮ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು! ಅದು ಮಾತ್ರ ಏನೂ ಉಪಯೋಗಕ್ಕೆ ಬರಲಿಲ್ಲ.)

1879ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿ ಒಪ್ಪಂದ ಮಾಡಿಕೊಂಡವು. ರಷ್ಯಾ ನಿನ್ನ ಮೇಲೆ ಬಿದ್ದರೆ ನಾನು ಬರ್ತೀನಿ ಅಂತ. 1882ರಲ್ಲಿ ಇಟಲಿಯೂ ಅವರ ಜೊತೆ ಸೇರಿ ತ್ರಿಮೈತ್ರಿ ಕೂಟವಾಯಿತು. 1871ರಲ್ಲಿ ಜರ್ಮನಿಗೆ ಸೋತು ನೆಲ ಕಳೆದುಕೊಂಡಿದ್ದ ಫ್ರಾನ್ಸಿಗೆ ಭಯವಾಯಿತು. ಅದು 1894ರಲ್ಲಿ ರಷ್ಯಾದ ಕೈ ಹಿಡಿಯಿತು. ಈಗ ಜರ್ಮನಿಗೆ ಭಯ, ಎರಡೂ ಕಡೆ ಶತ್ರುಗಳು! ಇಂಗ್ಲೆಂಡು 1904ರಲ್ಲಿ ಫ್ರಾನ್ಸಿನ ಜೊತೆ, 1907ರಲ್ಲಿ ರಷ್ಯಾದ ಜೊತೆ ಹೊಂದಿಕೊಂಡಿತು. ಇದು ತ್ರಿಸೌಹಾರ್ದ ಕೂಟ. ಎಲ್ಲರೂ ತಮ್ಮ ರಕ್ಷಣೆಗೆ ಅಂತಲೇ ಮಾಡಿಕೊಂಡಿದ್ದು. ಆದರೆ ಒಬ್ಬರ ರಕ್ಷಣೆ ಇನ್ನೊಬ್ಬರಿಗೆ ಹೆದರಿಕೆಯಾಗಿ ಕಂಡಿತು.

ಈಗ ಕೊಲೆಯ ನಂತರದ ದಿನಗಳು. ಜುಲೈ 5ರಂದು ಜರ್ಮನಿಯ ದೊರೆ, ಏನಾದರೂ ನಿಮ್ಮ ಹಿಂದೆ ನಾವಿದ್ದೇವೆ ಅಂತ ಆಸ್ಟ್ರಿಯಾಕ್ಕೆ ಭರವಸೆ ಕೊಟ್ಟ. ಇದನ್ನು ‘ಖಾಲಿ ಚೆಕ್ಕು’ ಎನ್ನುತ್ತಾರೆ. ಬೆನ್ನ ಹಿಂದೆ ದೊಡ್ಡಣ್ಣ ನಿಂತಿದ್ದಾನೆ ಅಂತ ಗೊತ್ತಾದರೆ ಚಿಕ್ಕವನ ಬಾಯಿ ಜೋರಾಗುತ್ತದಲ್ಲ, ಹಾಗೇ ಆಯಿತು. ಜುಲೈ 23ರಂದು ಆಸ್ಟ್ರಿಯಾ ಸರ್ಬಿಯಾಕ್ಕೆ ಕಠಿಣ ಷರತ್ತುಗಳನ್ನು ಹಾಕಿ 48 ಗಂಟೆ ಗಡುವು ಕೊಟ್ಟಿತು. ಸರ್ಬಿಯಾ ಬಹುಪಾಲು ಒಪ್ಪಿತು. ನಿಮ್ಮ ಅಧಿಕಾರಿಗಳು ನಮ್ಮ ನೆಲದಲ್ಲಿ ಬಂದು ವಿಚಾರಣೆ ಮಾಡೋದು ಮಾತ್ರ ಬೇಡ ಎಂದಿತು. ಅಷ್ಟಾದರೂ ಜುಲೈ 28ರಂದು ಆಸ್ಟ್ರಿಯಾ ಯುದ್ಧ ಸಾರಿತು.

ಸರ್ಬಿಯಾದವರು ಸ್ಲಾವ್ ಜನ, ನಮ್ಮವರು ಅಂತ ರಷ್ಯಾ ಜುಲೈ 30ರಂದು ತನ್ನ ಇಡೀ ಸೈನ್ಯ ಜಮಾಯಿಸಲು ಹೊರಟಿತು. ಇಲ್ಲೇ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು. ಜರ್ಮನಿ ಮೊದಲೇ ಒಂದು ಯೋಜನೆ ಮಾಡಿಟ್ಟಿತ್ತು. ರಷ್ಯಾ ತುಂಬಾ ದೊಡ್ಡ ದೇಶ. ಅದರ ಸೈನ್ಯ ಸೇರಲು ತಡವಾಗುತ್ತೆ. ಅಷ್ಟರಲ್ಲಿ ಫ್ರಾನ್ಸನ್ನು ಕೆಲವೇ ವಾರಗಳಲ್ಲಿ ಸೋಲಿಸಿ, ಆಮೇಲೆ ರೈಲಿನಲ್ಲಿ ಸೈನ್ಯವನ್ನು ಪೂರ್ವಕ್ಕೆ ಸಾಗಿಸಬೇಕು. ಫ್ರಾನ್ಸಿನ ಗಡಿಯಲ್ಲಿ ಗಟ್ಟಿ ಕೋಟೆಗಳಿದ್ದವು. ಆದ್ದರಿಂದ ಬೆಲ್ಜಿಯಂ ಮೂಲಕ ಸುತ್ತಿಕೊಂಡು ಹೋಗಬೇಕು. ನೋಡಿ, ಜಗಳ ರಷ್ಯಾದ ಜೊತೆ, ನುಗ್ಗಿದ್ದು ಬೆಲ್ಜಿಯಂಗೆ! ಒಂದು ದಿನ ತಡ ಮಾಡಿದರೂ ಯೋಜನೆ ಕೆಡುತ್ತದೆ ಅಂತ ಮಾತುಕತೆಗೆ ಕೂರಲು ಯಾರಿಗೂ ಪುರುಸೊತ್ತೇ ಇರಲಿಲ್ಲ. ಆಗಸ್ಟ್ 1ರಂದು ರಷ್ಯಾದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಜರ್ಮನಿ ಯುದ್ಧ ಸಾರಿತು. 4ರಂದು ಬೆಲ್ಜಿಯಂ ಗಡಿ ದಾಟಿತು. ಬೆಲ್ಜಿಯಂ ತಟಸ್ಥವಾಗಿರಬೇಕು, ಅದನ್ನು ಯಾರೂ ಮುಟ್ಟಬಾರದು ಅಂತ 1839ರಲ್ಲೇ ಲಂಡನ್ನಿನಲ್ಲಿ ಸಹಿಯಾಗಿತ್ತು. ಆ ‘ಕಾಗದದ ಚೂರಿಗೆ’ ಯುದ್ಧ ಮಾಡ್ತೀರಾ ಅಂತ ಜರ್ಮನಿಯ ಪ್ರಧಾನಿ ಇಂಗ್ಲೆಂಡಿನ ರಾಯಭಾರಿಯನ್ನು ಕೇಳಿದನಂತೆ. ಇಂಗ್ಲೆಂಡು ಅದೇ ರಾತ್ರಿ ಯುದ್ಧಕ್ಕಿಳಿಯಿತು.

ಇಲ್ಲಿ ಒಂದು ಸ್ವಾರಸ್ಯವಿದೆ. ಇಟಲಿ ಸಹಿ ಹಾಕಿದ್ದರೂ ಹೋಗಲೇ ಇಲ್ಲ. ನೀವೇ ಮೊದಲು ಕೈ ಮಾಡಿದ್ದೀರಿ, ನಮ್ಮ ಒಪ್ಪಂದ ಇರೋದು ರಕ್ಷಣೆಗೆ ಎಂದಿತು. 1915ರಲ್ಲಿ ಎದುರು ಪಕ್ಷಕ್ಕೇ ಸೇರಿಕೊಂಡಿತು. ರಷ್ಯಾ ಸರ್ಬಿಯಾದ ಜೊತೆ ಇಂಥ ಒಪ್ಪಂದ ಮಾಡಿಕೊಂಡಿರಲಿಲ್ಲ, ಆದರೂ ಹೋಯಿತು. ಆದ್ದರಿಂದ ಒಪ್ಪಂದವೇ ಎಳೆದುಕೊಂಡು ಹೋಯಿತು ಅನ್ನೋದು ಪೂರ್ತಿ ನಿಜವಲ್ಲ, ಹೋಗಬೇಕೋ ಬೇಡವೋ ಅಂತ ಪ್ರತಿ ದೇಶದಲ್ಲೂ ಕೆಲವರು ಕೂತು ತೀರ್ಮಾನ ಮಾಡಿದರು ಎಂದು ನಾನು ಮೇಷ್ಟ್ರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ‘ಖಾಲಿ ಚೆಕ್ಕು ಸಿಗದಿದ್ದರೆ ಆಸ್ಟ್ರಿಯಾಕ್ಕೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತಿತ್ತಪ್ಪಾ?’ ಎಂದರು. ಅದೂ ಸರಿ ಅನ್ನಿಸಿತು. ನೀವೇನು ಹೇಳ್ತೀರಿ?

ಆಮೇಲೆ ಜಪಾನು 1902ರಲ್ಲಿ ಇಂಗ್ಲೆಂಡಿನ ಜೊತೆ ಮಾಡಿಕೊಂಡಿದ್ದ ಒಪ್ಪಂದ ತೋರಿಸಿ ಬಂತು. ತುರ್ಕಿ ಜರ್ಮನಿಯ ಜೊತೆ ಗುಟ್ಟಾಗಿ ಸಹಿ ಹಾಕಿ ಬಂತು. ಭಾರತ ಮಾತ್ರ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ನಮ್ಮನ್ನು ಯಾರೂ ಕೇಳಲೂ ಇಲ್ಲ. ಬ್ರಿಟಿಷರು ಯುದ್ಧಕ್ಕೆ ಹೋದರು, ಅದಕ್ಕೆ ನಾವೂ ಹೋದೆವು. 10 ಲಕ್ಷಕ್ಕಿಂತ ಹೆಚ್ಚು ಭಾರತೀಯರು ಸಮುದ್ರ ದಾಟಿದರು. 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರೂ ಇದ್ದರು. ಅವರನ್ನು ಮೈಸೂರು ಲ್ಯಾನ್ಸರ್ಸ್ ಎನ್ನುತ್ತಿದ್ದರು. ಲ್ಯಾನ್ಸ್ ಎಂದರೆ ಈಟಿ. 1918ರ ಸೆಪ್ಟೆಂಬರ್ 23ರಂದು ಇವರೂ ಜೋಧಪುರದ ಸವಾರರೂ ಈಟಿ, ಕತ್ತಿ ಹಿಡಿದು ತುರ್ಕಿಯವರ ಮೆಷಿನ್‌ಗನ್ನುಗಳ ಎದುರಿಗೆ ಕುದುರೆ ಓಡಿಸಿ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಸೈನಿಕರ ಪ್ರತಿಮೆಗಳಿವೆ. ಒಂದು ಜೋಧಪುರಕ್ಕೆ, ಒಂದು ಹೈದರಾಬಾದಿಗೆ, ಇನ್ನೊಂದು ನಮ್ಮ ಮೈಸೂರಿಗೆ.

ಹೈಫಾ ಈಗ ಇಸ್ರೇಲಿನಲ್ಲಿದೆ. ನಮ್ಮ ಶಾಲೆಯ ಭೂಪಟದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ ಹುಡುಕಿ. ಸರಾಯೆವೊದಿಂದ ಅಲ್ಲಿಗೆ, ಮೈಸೂರಿನಿಂದ ಅಲ್ಲಿಗೆ ಸ್ಕೇಲು ಇಟ್ಟು ಅಳೆದು ನೋಡಿ. ನಾನು ಅಳೆದೆ. ನಮ್ಮವರೇ ಬಹಳ ದೂರದಿಂದ ಹೋದವರು.

– ಏಳನೇ ತರಗತಿ