ಹದಿಹರೆಯದ ಮಕ್ಕಳು ಮನೆಯಲ್ಲೇ ಓದುವಾಗ

ಮಾರ್ಚ್ 2020ರಲ್ಲಿ ಮುಚ್ಚಿದ ಶಾಲೆಗಳು ತಿಂಗಳುಗಟ್ಟಲೆ ತೆರೆಯಲಿಲ್ಲ. ಹೈಸ್ಕೂಲು, ಪಿಯುಸಿ ಮಕ್ಕಳು ಮೊಬೈಲ್ ಹಿಡಿದು ಮನೆಯಲ್ಲೇ ಪಾಠ ಕೇಳತೊಡಗಿದ್ದರು. ಆಗ ದವಾಖಾನೆಗೆ ಬರುತ್ತಿದ್ದ ತಾಯಂದಿರ ದೂರು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಹುಡುಗ ರಾತ್ರಿ ಎರಡು ಗಂಟೆಗೆ ಮಲಗ್ತಾನೆ, ಎದ್ದರೆ ತಲೆನೋವು ಅಂತಾನೆ. ನೆನಪಿನ ಶಕ್ತಿಗೆ ಏನಾದರೂ ಖಮೀರಾ ಕೊಡಿ." ಖಮೀರಾ ಕೊಡಬಹುದು. ಆದರೆ ಸಕ್ಕರೆ ಪಾಕದಲ್ಲಿ ಮಾಡಿದ ಆ ಔಷಧಿ ನಿದ್ದೆಯ ಜಾಗವನ್ನು ತುಂಬಲಾರದು.

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಆಧಾರಗಳನ್ನು ಹೇಳುತ್ತೇವೆ. ಇವುಗಳಿಗೆ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂದು ಹೆಸರು. ಗಾಳಿ, ಅನ್ನ ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಹೊರಹಾಕಬೇಕಾದದ್ದು ಮತ್ತು ಉಳಿಸಿಕೊಳ್ಳಬೇಕಾದದ್ದು. ಶಾಲೆಯ ಗಂಟೆ, ನಡೆದು ಹೋಗುವ ದಾರಿ, ಮೈದಾನದ ಬಿಸಿಲು, ಗೆಳೆಯರ ಮಾತು ಇವೆಲ್ಲ ಈ ಆರರಲ್ಲಿ ಬಹುಪಾಲನ್ನು ತಾವಾಗಿಯೇ ನೋಡಿಕೊಳ್ಳುತ್ತವೆ. ಮಕ್ಕಳು ಮನೆಯಲ್ಲೇ ಓದುವಾಗ ಆ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ನಿದ್ದೆಯಿಂದಲೇ ಶುರು ಮಾಡಿ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ನಿದ್ದೆ ತರಿಸುವ ರಸ ರಾತ್ರಿ ತಡವಾಗಿ ಸ್ರವಿಸುತ್ತದೆ. ಆದ್ದರಿಂದ ಬೇಗ ನಿದ್ದೆ ಬಾರದಿದ್ದರೆ ಅದು ಸೋಮಾರಿತನವಲ್ಲ, ಬೈಯಬೇಡಿ. ಆದರೆ ಕಣ್ಣೆದುರು ಮೊಬೈಲಿನ ಬೆಳಕಿದ್ದರೆ ಅದು ಇನ್ನಷ್ಟು ತಡವಾಗುತ್ತದೆ. ಇಶಾ ನಮಾಝ್ ಆದ ಮೇಲೆ ಫೋನು ಅಬ್ಬಾ ಅಮ್ಮಿಯ ಕೋಣೆಯಲ್ಲಿ ಚಾರ್ಜಿಗಿರಲಿ (ನಿಮ್ಮ ಫೋನೂ ಅಲ್ಲೇ ಇದ್ದರೆ ಮಗ ವಾದ ಮಾಡುವುದಿಲ್ಲ). ಫಜ್ರ್‌ಗಾಗಿ ಐದಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಎರಡು ಗಂಟೆಗೆ ಮಲಗುವವನನ್ನು ಒಂದೇ ದಿನದಲ್ಲಿ ಅಲ್ಲಿಗೆ ತರಲಾಗದು. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗದಿರಲಿ. ಫಜ್ರ್ ಆದ ಮೇಲೆ ಹತ್ತರವರೆಗೆ ಮತ್ತೆ ಹೊದ್ದು ಮಲಗಿದರೆ ಇಡೀ ಲೆಕ್ಕ ತಪ್ಪುತ್ತದೆ. ಅದರ ಬದಲು ಝುಹರ್ ನಂತರ ಅರ್ಧ ಗಂಟೆ ಕೈಲೂಲಾ ಸಾಕು.

ಪರದೆ ನೋಡುವಾಗ ಕಣ್ಣು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಉರಿ ಬರುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಮಾಡಿಸಿ. ಪಾಠ ಟಿವಿಯಲ್ಲೂ ಬರುವುದಾದರೆ ಫೋನಿಗಿಂತ ಟಿವಿಯೇ ಒಳ್ಳೆಯದು, ಕಣ್ಣಿಗೂ ಕುತ್ತಿಗೆಗೂ. ಅಸರ್ ನಂತರ ಒಂದು ಗಂಟೆ ತಾರಸಿಯಲ್ಲೋ ಅಂಗಳದಲ್ಲೋ ಆಡಲು ಬಿಡಿ.

ಇನ್ನು ಹೆಣ್ಣುಮಕ್ಕಳ ವಿಷಯ. ಮನೆಯಲ್ಲಿ ಇರುವುದು ಒಂದೇ ಫೋನು. ಅದು ಮೊದಲು ಅಣ್ಣನ ಕೈಗೆ ಹೋಗುತ್ತದೆ. ತಂಗಿ ಹೇಗೂ ಮನೆಯಲ್ಲೇ ಇದ್ದಾಳಲ್ಲ ಎಂದು ರೊಟ್ಟಿ, ಪಾತ್ರೆ, ಚಿಕ್ಕವರ ಉಸ್ತುವಾರಿ ಎಲ್ಲ ಅವಳ ಪಾಲಿಗೆ. ಪಾಠದ ಹೊತ್ತಿನಲ್ಲಿ ಅವಳು ಮನೆಯಲ್ಲಿಲ್ಲ, ಶಾಲೆಯಲ್ಲಿದ್ದಾಳೆ ಎಂದೇ ತಿಳಿಯಿರಿ. ಫೋನಿನ ಸರದಿಯನ್ನು ಬರೆದು ಗೋಡೆಗೆ ಅಂಟಿಸಿ. ನಾಲ್ಕು ತಿಂಗಳು ಪುಸ್ತಕ ಬಿಟ್ಟ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಿದೆ.

ಅವಳಿಗೆ ಶಾಲೆಯಿಂದ ಇನ್ನೊಂದು ಬರುತ್ತದೆ: ವಾರಕ್ಕೊಂದು ನೀಲಿ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಅದೂ ನಿಂತಿತ್ತು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಪಾಠ ತಲೆಗೆ ಹತ್ತುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಎಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಮಾತ್ರೆಗಾಗಿ ಕೇಳಿ. ಊಟವಾದ ಮೇಲೆ ನುಂಗಲಿ; ಮಲ ಕಪ್ಪಾದರೆ ಹೆದರಬೇಕಿಲ್ಲ. ನುಗ್ಗೆಸೊಪ್ಪು, ಕಡಲೆ, ವಾರಕ್ಕೊಮ್ಮೆ ಕಲೇಜಿ, ಜೊತೆಗೆ ನಿಂಬೆರಸ ಇರಲಿ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಲಿ. ಇಡೀ ದಿನ ಕೂತೇ ಇರುವವರಿಗೆ ಮಲಬದ್ಧತೆಯೂ ಸಾಮಾನ್ಯ. ನೀರಿನ ಬಾಟಲಿ ಪಕ್ಕದಲ್ಲಿರಲಿ, ಖರ್ಜೂರ, ಪಪ್ಪಾಯಿ ಸಿಕ್ಕರೆ ತಿನ್ನಲಿ.

ಮನಸ್ಸಿನ ಮಾತು ಸೂಕ್ಷ್ಮ. ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಜೊತೆಗೆ ಬೆಳ್ಳುಳ್ಳಿ ಸುಲಿಯುವಾಗ, ಬೈಕು ತೊಳೆಯುವಾಗ ತಾವಾಗಿ ಹೇಳುತ್ತಾರೆ. ಎರಡು ವಾರ ಕಳೆದರೂ ಊಟ, ನಿದ್ದೆ ಸರಿಹೋಗದೆ, ಗೆಳೆಯರ ಕರೆಗೂ ಓಗೊಡದೆ ಮೂಲೆ ಹಿಡಿದಿದ್ದರೆ ವೈದ್ಯರಿಗೆ ತೋರಿಸಿ. ಬದುಕುವುದೇ ಬೇಡ ಎಂಬ ಮಾತು ತಮಾಷೆಗೆ ಬಂದರೂ ಎರಡು ವಾರ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.