ಬೆಂಕಿಯಿಂದ ಮಂಜುಗಡ್ಡೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1872ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಒಂದು ವಿಶಾಲವಾದ ಸರೋವರವುಂಟು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,357 ಮೀಟರು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ ಆ ನೀರಿನ ಮಟ್ಟಕ್ಕಿಂತ ನಾನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆಯೆಂದರೆ ವಾಚಕರಿಗೆ ಅಲ್ಲಿಯ ಚಳಿಯ ಕಲ್ಪನೆ ಬರಬಹುದು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರ ಕರಗಿ ತೆರವಾಗುವುದು ಮೇ ತಿಂಗಳ ಕೊನೆಗೋ ಜೂನ್ ತಿಂಗಳ ಮೊದಲಿಗೋ. ಅನಂತರ ಅದರ ದಡದಲ್ಲಿರುವ ಬ್ರಿಜ್ ಬೇ ಎಂಬ ಬಿಡಾರದ ಬಯಲಿಗೆ ಜನರು ತಮ್ಮ ಗಾಲಿಯ ಮನೆಗಳೊಡನೆ ಬಂದು ತಂಗುತ್ತಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಒಳಗೊಂಡ ಈ ವಾಹನಗಳಿಗೆ ಅಲ್ಲಿಯ ಜನ ಆರ್. ವಿ. ಎನ್ನುತ್ತಾರೆ, ನಮ್ಮಲ್ಲಿ ಕ್ಯಾರವಾನ್ ಎಂಬ ಹೆಸರು ರೂಢಿಯಾಗಿದೆ.

ಆ ಬಯಲಿನಲ್ಲಿ ವಾಹನಗಳಿಗೆ ವಿದ್ಯುತ್ತಿನ ಜೋಡಣೆಯಿಲ್ಲ. ಜನರೇಟರನ್ನು ರಾತ್ರಿಯ ವೇಳೆ ನಡೆಸುವಂತಿಲ್ಲ. ಆಹಾರವನ್ನು ಹೊರಗಿನ ತಂಪಿನಲ್ಲಿಟ್ಟು ಮಲಗೋಣವೆಂದರೆ ಅದು ಕರಡಿಗಳ ನಾಡು. ತಿನ್ನುವ ಪದಾರ್ಥ ಯಾವುದನ್ನೂ ಹೊರಗೆ ಬಿಡಕೂಡದೆಂಬುದು ಉದ್ಯಾನದ ಕಟ್ಟುನಿಟ್ಟಾದ ನಿಯಮ. ಹೀಗಿದ್ದರೂ ಅನೇಕ ವಾಹನಗಳ ರೆಫ್ರಿಜರೇಟರುಗಳಲ್ಲಿ ಹಾಲು ಕೆಡದೆ ಉಳಿದು, ಮೇಲಿನ ಅರೆಯಲ್ಲಿ ಮಂಜುಗಡ್ಡೆಯೂ ಕಟ್ಟಿರುತ್ತದೆ. ಈ ತಂಪನ್ನು ಉಂಟುಮಾಡುವುದು ಪೆಟ್ಟಿಗೆಯ ಹಿಂದೆ ಉರಿಯುತ್ತಿರುವ ಒಂದು ಪುಟ್ಟ ಗ್ಯಾಸಿನ ಜ್ವಾಲೆ!

ಬೆಂಕಿಯಿಂದ ತಂಪಾಗುವುದೆಂತು? ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ. ಅಮೋನಿಯ ದ್ರವವು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ. ಆದುದರಿಂದ ತಂಪುಮಾಡಲು ಅದು ಬಲು ತಕ್ಕ ವಸ್ತು. ಆದರೆ ಆ ಆವಿಯನ್ನು 25 ಡಿಗ್ರಿಯಲ್ಲಿ ಮತ್ತೆ ದ್ರವವಾಗಿಸಬೇಕಾದರೆ ವಾಯುಮಂಡಲದ ಒತ್ತಡದ ಸುಮಾರು ಹತ್ತರಷ್ಟು ಒತ್ತಡ ಬೇಕು. ನಮ್ಮ ಮನೆಗಳ ರೆಫ್ರಿಜರೇಟರಿನಲ್ಲಿ ಬೇರೆ ದ್ರವಗಳಿರುತ್ತವೆಯಾದರೂ, ಆವಿಯನ್ನು ಒತ್ತುವ ಕೆಲಸವನ್ನು ಅಲ್ಲಿ ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರು ಮಾಡುತ್ತದೆ. ಗುರ್ ಎಂಬ ಸದ್ದು ಅದರದೇ.

1922ರಲ್ಲಿ ಸ್ವೀಡನ್ನಿನ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬಿಬ್ಬರು ಈ ಕಂಪ್ರೆಸರನ್ನೇ ತೆಗೆದುಹಾಕಿದರು. ಆಗ ಅವರಿನ್ನೂ ಸ್ಟಾಕ್‌ಹೋಮಿನಲ್ಲಿ ವಿದ್ಯಾರ್ಥಿಗಳು! ಕೊಳವೆಗಳೆಲ್ಲವನ್ನೂ ಮೊದಲೇ ಹೆಚ್ಚಿನ ಒತ್ತಡದಲ್ಲಿಟ್ಟು ಬೆಸೆದುಬಿಟ್ಟರೆ ಪ್ರತ್ಯೇಕವಾಗಿ ಒತ್ತುವ ಯಂತ್ರವೇ ಬೇಡ. ಆದರೆ ಅಷ್ಟು ಒತ್ತಡದಲ್ಲಿ ಅಮೋನಿಯ ತಣ್ಣನೆಯ ಪೆಟ್ಟಿಗೆಯೊಳಗೆ ಆವಿಯಾಗುವುದು ಹೇಗೆ? ಇದಕ್ಕೆ ಅವರು ಕಂಡ ಉಪಾಯ ಜಲಜನಕ.

ಹಗ್ಗದ ಮೇಲೆ ಹರವಿದ ಒದ್ದೆ ಬಟ್ಟೆಯನ್ನು ನೆನೆಯಿರಿ. ನೀರು ಕುದಿಯಲು ನೂರು ಡಿಗ್ರಿ ಬೇಕು, ಬಟ್ಟೆ ಒಣಗಲು ಬೇಡ. ಏಕೆಂದರೆ ಸುತ್ತಲಿನ ಗಾಳಿಯ ಒಟ್ಟು ಒತ್ತಡ ಎಷ್ಟೇ ಇರಲಿ, ಅದರಲ್ಲಿ ನೀರಾವಿಯ ಪಾಲು ಅಲ್ಪ. ನೀರು ಆವಿಯಾಗುವಾಗ ಲೆಕ್ಕಕ್ಕೆ ಬರುವುದು ಆ ಪಾಲು ಮಾತ್ರ. ಇದು ಡಾಲ್ಟನ್ನನ ಆಂಶಿಕ ಒತ್ತಡಗಳ ನಿಯಮದ ಫಲ. ರೆಫ್ರಿಜರೇಟರಿನ ಕೊಳವೆಯೊಳಗೆ ಜಲಜನಕವು ಈ ಒಣಗಾಳಿಯ ಪಾತ್ರವನ್ನು ವಹಿಸುತ್ತದೆ. ಅಲ್ಲಿ ಅಮೋನಿಯದ ಪಾಲು ಕಡಮೆಯಾದ್ದರಿಂದ ಅದು ಸುಲಭವಾಗಿ ಆವಿಯಾಗಿ ಪೆಟ್ಟಿಗೆಯ ಶಾಖವನ್ನು ಎಳೆದುಕೊಳ್ಳುತ್ತದೆ. ಅಮೋನಿಯ ಬೆರೆತ ಜಲಜನಕವು ಬರಿಯ ಜಲಜನಕಕ್ಕಿಂತ ಭಾರ. ಅದು ತಾನಾಗಿ ಕೆಳಗಿಳಿಯುತ್ತದೆ. ಅಲ್ಲಿ ಎದುರಾಗಿ ಹರಿದುಬರುವ ನೀರು ಅಮೋನಿಯವನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಹೆಚ್ಚಾಗಿ ಕರಗದ ಜಲಜನಕ ಹಗುರಾಗಿ ಮೇಲಕ್ಕೆ ಮರಳುತ್ತದೆ. ಜ್ವಾಲೆಗೆ ಕೆಲಸ ಇಲ್ಲಿಂದ ಮುಂದೆ: ಅಮೋನಿಯ ತುಂಬಿದ ನೀರನ್ನು ಕಾಸಿ ಅಮೋನಿಯವನ್ನು ಬಿಡಿಸುವುದು, ಏಳುವ ಗುಳ್ಳೆಗಳಿಂದಲೇ ನೀರನ್ನು ಸಪೂರವಾದ ಕೊಳವೆಯಲ್ಲಿ ಮೇಲಕ್ಕೆ ಎತ್ತುವುದು. ಬಿಡುಗಡೆಯಾದ ಆವಿ ಪೆಟ್ಟಿಗೆಯ ಹಿಂಬದಿಯ ಕೊಳವೆಗಳಲ್ಲಿ ತಣಿದು ದ್ರವವಾಗಿ ಮತ್ತೆ ಒಳಕ್ಕೆ ಹರಿಯುತ್ತದೆ. ಪೆಟ್ಟಿಗೆಯಿಂದ ಎಳೆದ ಶಾಖವೂ ಜ್ವಾಲೆಯ ಶಾಖವೂ ಕೂಡಿ ಹೊರಗಾಳಿಗೆ ಸೇರುವುದರಿಂದ ಶಕ್ತಿಯ ಲೆಕ್ಕದಲ್ಲಿ ಯಾವ ಮಾಯವೂ ಇಲ್ಲ. ಚಲಿಸುವ ಭಾಗ ಒಂದೂ ಇಲ್ಲದ ಈ ಯಂತ್ರ ಸದ್ದನ್ನೂ ಮಾಡದು. ಮುಂದೆ ಐನ್‌ಸ್ಟೈನ್ ಮತ್ತು ಜಿಲಾರ್ಡ್ ಇದೇ ಬಗೆಯ ಇನ್ನೊಂದು ಯಂತ್ರಕ್ಕೆ 1930ರಲ್ಲಿ ಅಮೆರಿಕದ ಪೇಟೆಂಟು ಪಡೆದರು. ಅದು ಮಾರುಕಟ್ಟೆಗೆ ಬರಲಿಲ್ಲ.

ಇಲ್ಲಿ ದ್ರವಗಳನ್ನು ಹರಿಸುವುದು ಗುರುತ್ವವಾದ್ದರಿಂದ ವಾಹನ ಸಮತಟ್ಟಾಗಿ ನಿಲ್ಲಬೇಕು. ಓರೆಯಾದರೆ ದ್ರವವು ಕೊಳವೆಯಲ್ಲಿ ತಂಗಿ, ಕುದಿಪಾತ್ರೆ ಅತಿಯಾಗಿ ಕಾದು, ಯಂತ್ರವೇ ಹಾಳಾದೀತು. ತಂಗುದಾಣಕ್ಕೆ ಬಂದವರು ಮೊದಲು ರಸಮಟ್ಟ ಹಿಡಿದು ಗಾಲಿಗಳ ಕೆಳಗೆ ಹಲಗೆ ಸೇರಿಸುವುದು ಇದಕ್ಕಾಗಿಯೇ. ಈಚಿನ ವಾಹನಗಳಲ್ಲಿ ಸೌರಫಲಕ, ಬ್ಯಾಟರಿ ಮತ್ತು ಕಂಪ್ರೆಸರುಗಳ ಬಳಕೆ ಹೆಚ್ಚುತ್ತಿದೆ. ಅವಕ್ಕೆ ಈ ಕಟ್ಟುಪಾಡು ಅಷ್ಟಾಗಿಲ್ಲ.

ಇನ್ನು ಇಂಧನದ ಮಾತು. ಅಲ್ಲಿಯ ಸಿಲಿಂಡರುಗಳಲ್ಲಿ ತುಂಬುವುದು ಪ್ರೊಪೇನ್. ಅದು ಸೊನ್ನೆಗಿಂತ 42 ಡಿಗ್ರಿ ಕೆಳಗೆ ಕುದಿಯುವುದರಿಂದ ಕಡು ಚಳಿಯಲ್ಲೂ ಅನಿಲವಾಗಿ ಹೊರಬರುತ್ತದೆ. ನಮ್ಮ ಅಡುಗೆಯ ಅನಿಲದಲ್ಲಿ ಬೆರೆತಿರುವ ಬ್ಯೂಟೇನ್ ಸೊನ್ನೆಯ ಹತ್ತಿರವೇ ಕುದಿಯುವುದರಿಂದ ಹಿಮದ ರಾತ್ರಿಯಲ್ಲಿ ಸಿಲಿಂಡರಿನೊಳಗೇ ಉಳಿದುಬಿಟ್ಟೀತು.

ರೆಫ್ರಿಜರೇಟರಿನ ಜ್ವಾಲೆಗೆ ಗಾಳಿ ಬರುವುದೂ ಅದರ ಹೊಗೆ ಹೋಗುವುದೂ ವಾಹನದ ಹೊರಗೋಡೆಯ ಕಿಂಡಿಗಳಿಂದ. ಅಡುಗೆಯ ಒಲೆಯಾದರೋ ಜನ ಮಲಗುವ ಕೋಣೆಯೊಳಗೇ ಉರಿಯುತ್ತದೆ. ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು. ನೀರು 92 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ತಡ. ಒಂದೊಂದು ಲೀಟರು ಗಾಳಿಯಲ್ಲಿ ಆಮ್ಲಜನಕವೂ ಅಷ್ಟೇ ಕಡಮೆ. ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ, ಬೆಚ್ಚಗಿರಲೆಂದು ಒಲೆಯನ್ನು ಹೊತ್ತಿಸಿಟ್ಟು ಮಲಗಿದರೆ ಆಮ್ಲಜನಕ ಸಾಲದೆ ಇಂಧನ ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಸೇರಿಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗದಿರಬಹುದು. ನಮ್ಮ ನಗರಗಳಲ್ಲಿ ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಸಂಭವಿಸುವ ಸಾವುಗಳಿಗೂ ಕಾರಣ ಇದೇ ಅನಿಲ.

ಆದ್ದರಿಂದ ಇಂಥ ವಾಹನಗಳಲ್ಲಿ ಎರಡು ಬಗೆಯ ಎಚ್ಚರಿಕೆಯ ಉಪಕರಣಗಳನ್ನಿಡುವುದುಂಟು. ಪ್ರೊಪೇನಿನ ಅಣುಭಾರ 44, ಗಾಳಿಯದು ಸರಾಸರಿ 29. ಸೋರಿದ ಪ್ರೊಪೇನ್ ಕೆಳಗಿಳಿಯುವುದರಿಂದ ಅದರ ಉಪಕರಣವನ್ನು ನೆಲದ ಹತ್ತಿರ ಜೋಡಿಸುತ್ತಾರೆ. ಕಾರ್ಬನ್ ಮಾನಾಕ್ಸೈಡಿನ ಅಣುಭಾರ 28. ಅದು ಕೋಣೆಯ ಗಾಳಿಯಲ್ಲೆಲ್ಲ ಬೆರೆತುಹೋಗುತ್ತದೆ. ಅದನ್ನು ಪತ್ತೆಹಚ್ಚುವ ಉಪಕರಣಕ್ಕೆ ಮಲಗುವ ಜಾಗದ ಸಮೀಪವೇ ತಕ್ಕ ಸ್ಥಳ. ಇವೆರಡೂ ಇದ್ದರೂ ಒಲೆ ಉರಿಯುವಾಗ ಒಂದು ಕಿಟಕಿಯನ್ನು ತೆರೆದಿಡಲೇಬೇಕು, ಸರೋವರದ ಗಾಳಿ ಎಷ್ಟೇ ಕೊರೆಯುತ್ತಿರಲಿ.