ಜೇನುಪೆಟ್ಟಿಗೆ ಉರುಳದಂತೆ ಭದ್ರಪಡಿಸಿ

ಮೇಯಲು ಬಿಟ್ಟ ಹಸುವಿಗೆ ಕುತ್ತಿಗೆ ತುರಿಸಿದರೆ ಹತ್ತಿರ ಕಂಡ ಕಂಬಕ್ಕೆ ಉಜ್ಜುತ್ತದೆ. ಆ ಕಂಬದ ಮೇಲೆ ಜೇನುಪೆಟ್ಟಿಗೆ ಇದ್ದರೆ ಕ್ಷಣದಲ್ಲಿ ಎಲ್ಲವೂ ನೆಲಕ್ಕೆ. ಎರಿಗಳು ಮುರಿಯುತ್ತವೆ, ಮರಿಹುಳುಗಳು ಮಣ್ಣುಪಾಲಾಗುತ್ತವೆ, ರಾಣಿ ಚೌಕಟ್ಟುಗಳ ನಡುವೆ ಸಿಕ್ಕಿ ಸಾಯಬಹುದು. ಅದರಲ್ಲೂ ಮಲೆನಾಡು, ಕರಾವಳಿಯ ತೋಟಗಳಲ್ಲಿ ಸಾಕುವ ತುಡುವೆ ಜೇನಿಗೆ ನೆಮ್ಮದಿ ಕೆಟ್ಟರೆ ಗೂಡನ್ನೇ ಬಿಟ್ಟು ಹೋಗುವ ಸ್ವಭಾವ.

ಮುಚ್ಚಳದ ಮೇಲೊಂದು ಕಲ್ಲು ಹೇರಿದರೆ ಸಾಕು ಎಂದು ಹಲವರು ನಂಬಿದ್ದಾರೆ. ಕಲ್ಲು ಮುಚ್ಚಳ ಹಾರದಂತೆ ತಡೆಯುತ್ತದೆ, ಪೆಟ್ಟಿಗೆ ಉರುಳುವುದನ್ನಲ್ಲ. ಅದಕ್ಕೆ ಬೇಕಾದದ್ದು ಗಟ್ಟಿ ಬುಡ, ಬಿಗಿ ಕಟ್ಟು ಮತ್ತು ಬೇಲಿ.

1. ಜಾಗ ಆರಿಸಿ
ದನ ಓಡಾಡುವ ದಾರಿ, ತೆಂಗಿನ ಮರದ ಬುಡ, ಒಣಕೊಂಬೆಯ ಕೆಳಗು, ಕುಸಿಯುವ ಧರೆಯ ಅಂಚು ಬೇಡ. ಅಡಿಕೆ ತೋಟದಲ್ಲಾದರೆ ಸೋಗೆ, ಗೊನೆ ಬೀಳುವ ಜಾಗ ನೋಡಿಕೊಳ್ಳಿ. ಗಾಳಿಗೆ ಮರೆ, ಮಧ್ಯಾಹ್ನದ ಬಿಸಿಲಿಗೆ ನೆರಳು ಇರಲಿ.

2. ಬುಡ ಗಟ್ಟಿ ಮಾಡಿ
ಒಂಟಿ ಕಂಬವಾದರೆ ಒಂದೂವರೆಯಿಂದ ಎರಡು ಅಡಿ ಆಳಕ್ಕೆ ಹೂಳಿ, ಸುತ್ತ ಕಲ್ಲುಚೂರು ತುಂಬಿ ಗುದ್ದಿ. ನೆಲದಿಂದ ಮೇಲೆ ಒಂದೂವರೆ, ಎರಡು ಅಡಿ ಎತ್ತರ ಸಾಕು. ಎತ್ತರ ಹೆಚ್ಚಿದಷ್ಟೂ ಓಲಾಟ ಹೆಚ್ಚು. ನಾಲ್ಕು ಕಾಲಿನ ಸ್ಟ್ಯಾಂಡ್ ಆದರೆ ಪ್ರತಿ ಕಾಲಿನಡಿ ಚಪ್ಪಟೆ ಕಲ್ಲಿಡಿ, ಇಲ್ಲವಾದರೆ ಮೊದಲ ಮಳೆಗೇ ಒಂದು ಕಾಲು ಹೂತುಹೋಗುತ್ತದೆ. ಪೆಟ್ಟಿಗೆ ಎಡಬಲಕ್ಕೆ ಮಟ್ಟವಾಗಿರಲಿ. ಮಳೆನೀರು ಒಳಗೆ ನಿಲ್ಲದಂತೆ ಬಾಗಿಲಿನ ಕಡೆಗೆ ಮಾತ್ರ ತುಸು ಇಳಿಜಾರು ಕೊಡಿ.

3. ಬಿಗಿಯಾಗಿ ಕಟ್ಟಿ
ಮೊದಲು ಸ್ಟ್ಯಾಂಡಿನ ಹಲಗೆಯನ್ನು ಕಂಬಕ್ಕೆ ಭದ್ರಪಡಿಸಿ. ಆ ಹಲಗೆಯ ಅಡಿಯಿಂದ ಅಡಿಮಣೆ, ಸಂಸಾರ ಕೋಣೆ, ಜೇನು ಕೋಣೆ, ಮುಚ್ಚಳ ಎಲ್ಲವೂ ಒಂದೇ ಕಟ್ಟಿನೊಳಗೆ ಬರುವಂತೆ ನೈಲಾನ್ ಪಟ್ಟಿ ಅಥವಾ ಹಗ್ಗ ಸುತ್ತಿ. ಹಳೆಯ ಟ್ಯೂಬಿನ ಪಟ್ಟಿಯೂ ಆದೀತು, ಆದರೆ ಬಿಸಿಲಿಗೆ ಬಿರಿಯುತ್ತದೆ, ಆಗಾಗ ಬದಲಿಸಬೇಕು. ಹುಳು ಓಡಾಡುವ ಬಾಗಿಲಿಗೆ ಪಟ್ಟಿ ಅಡ್ಡ ಬರಬಾರದು, ಗಂಟು ಸುಲಭವಾಗಿ ಬಿಚ್ಚುವಂತಿರಬೇಕು. ಸುಗ್ಗಿಯಲ್ಲಿ ತುಪ್ಪ ತುಂಬಿದ ಕೋಣೆಯಿಂದ ಮೇಲ್ಭಾರ ಹೆಚ್ಚುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆ ಹಗುರ, ಗಾಳಿ ಜೋರು. ಹಾಗಾಗಿ ಕಟ್ಟು ವರ್ಷವಿಡೀ ಬೇಕು.

4. ಬೇಲಿ ಹಾಕಿ
ಪೆಟ್ಟಿಗೆಯಿಂದ ಮೂರು, ನಾಲ್ಕು ಅಡಿ ದೂರದಲ್ಲಿ ಬಿದಿರು ಅಥವಾ ಅಡಿಕೆ ದಬ್ಬೆಯ ಬೇಲಿ ಇದ್ದರೆ ದನದ ಮೈ ತಾಗದು. ನೀವು ಹಿಂದಿನಿಂದ ನಿಂತು ಕೆಲಸ ಮಾಡಲು ಜಾಗವೂ ಸಿಗುತ್ತದೆ. ಜೇನಿನ ಹತ್ತಿರ ದನವನ್ನು ಎಂದೂ ಕಟ್ಟಿಹಾಕಬೇಡಿ. ಹುಳು ಎದ್ದರೆ ಕಟ್ಟಿದ ಪ್ರಾಣಿಗೆ ಓಡಲು ದಾರಿಯಿಲ್ಲ. ಕರಡಿ ಬರುವ ಕಾಡಂಚಿನಲ್ಲಿ ಹಗ್ಗ, ದಬ್ಬೆ ನಿಲ್ಲವು; ಅಲ್ಲಿ ಸೋಲಾರ್ ಬೇಲಿ ಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ, ಜೀವಕ್ಕೂ ಅಪಾಯ.

ಉರುಳಿಬಿಟ್ಟರೆ?
ಮೊದಲು ಮಕ್ಕಳನ್ನು, ದನಕರುಗಳನ್ನು ದೂರ ಕಳಿಸಿ. ಮುಖಕ್ಕೆ ಜಾಲರಿ ಹಾಕಿಕೊಂಡು, ಹೊಗೆತಿದಿಯಿಂದ ಹಗುರಾಗಿ ಹೊಗೆ ಕೊಟ್ಟು ಪೆಟ್ಟಿಗೆಯನ್ನು ಅದೇ ಜಾಗದಲ್ಲಿ ನಿಲ್ಲಿಸಿ. ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಹುಳು ಜಜ್ಜದಂತೆ ಸೇರಿಸಿ. ಮರಿಯಿರುವ ಎರಿ ಮುರಿದಿದ್ದರೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ. ಎರಡು, ಮೂರು ದಿನದಲ್ಲಿ ಹುಳುಗಳೇ ಮೇಣ ಬೆಸೆಯುತ್ತವೆ. ತುಪ್ಪ ಸೋರುವ ಎರಿಯನ್ನು ತೆಗೆದುಬಿಡಿ, ಇಲ್ಲದಿದ್ದರೆ ಇರುವೆಗಳ ಕಾಟ. ಸಂಜೆ ಸ್ವಲ್ಪ ಸಕ್ಕರೆ ಪಾಕ ಕೊಡಿ.

ನಾಲ್ಕು ದಿನ ಬಿಟ್ಟು ಎರಿ ನೋಡಿ. ಮೊಟ್ಟೆ ಮೂರು ದಿನಕ್ಕೆ ಒಡೆಯುವುದರಿಂದ, ಆಗ ಹೊಸ ಮೊಟ್ಟೆ ಕಂಡರೆ ರಾಣಿ ಉಳಿದಿದ್ದಾಳೆ ಎಂದೇ ಅರ್ಥ.

ಮುಂಗಾರಿಗೆ ಮುನ್ನ ಒಮ್ಮೆ ಪ್ರತಿ ಕಂಬವನ್ನೂ ಕೈಯಿಂದ ಮೆಲ್ಲಗೆ ತಳ್ಳಿ ನೋಡಿ. ಅಲುಗಿದರೆ ನಾಳೆಗೆ ಇಡಬೇಡಿ, ಅಂದೇ ಸರಿಪಡಿಸಿ.